ಹೇಳಿಕೆ ಲೆಕ್ಕ ಕಲಿಸುವುದು ಹೇಗೆ? ಗಡಿನಾಡಿನ ಮಕ್ಕಳಿಗೆ ಮೊದಲು ಕಥೆ, ಆಮೇಲೆ ಅಂಕಿ

"ಟೀಚರ್, ಇದು ಕೂಡಿಸುವುದಾ, ಕಳೆಯುವುದಾ?"

ಹೇಳಿಕೆ ಲೆಕ್ಕವನ್ನು ಬೋರ್ಡಿನಲ್ಲಿ ಬರೆದ ಕೂಡಲೇ ಮೂರನೇ ಕ್ಲಾಸಿನಲ್ಲಿ ಏಳುವ ಮೊದಲ ಪ್ರಶ್ನೆ ಇದು. ಮನೆಯಲ್ಲಾದರೆ 'ಟೀಚರ್' ಇದ್ದ ಕಡೆ 'ಅಮ್ಮಾ' ಬರುತ್ತದೆ, ಅಷ್ಟೇ. 120ರಿಂದ 85 ಕಳೆ ಅಂದರೆ ಸಲೀಸಾಗಿ ಕಳೆಯುವ ಮಗು, ಅದೇ ಲೆಕ್ಕ ಎರಡು ಸಾಲಿನ ಮಾತಾಗಿ ಬಂದಾಗ ಪೆನ್ಸಿಲ್ ಕಚ್ಚುತ್ತಾ ಕೂರುತ್ತದೆ. ನಾವು ಅವಸರದಲ್ಲಿ "ಕಳೆಯುವುದು" ಅಂತ ಹೇಳಿಬಿಡುತ್ತೇವೆ. ಉತ್ತರ ಸರಿ ಬರುತ್ತದೆ. ಆದರೆ ಆ ಲೆಕ್ಕದಲ್ಲಿ ಮಗು ಯೋಚಿಸಬೇಕಾಗಿದ್ದ ಜಾಗ ಅದೊಂದೇ. ಅದನ್ನು ನಾವೇ ಮಾಡಿ ಮುಗಿಸಿದ ಹಾಗಾಯಿತು. ಕಳೆಯುವುದು ಅದಕ್ಕೆ ಮೊದಲೇ ಗೊತ್ತಿತ್ತು.

ಕಾಸರಗೋಡಿನಲ್ಲಿ ಈ ಕಷ್ಟದ ಮೇಲೆ ಇನ್ನೊಂದು ಕಷ್ಟ ಉಂಟು. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಕನ್ನಡ ಮೀಡಿಯಂ ಕ್ಲಾಸಿನ ಒಂದೇ ಬೆಂಚಿನಲ್ಲಿ ತುಳು, ಮಲಯಾಳಂ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಮಾತಾಡುವ ಮನೆಗಳ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಪುಸ್ತಕದ ಕನ್ನಡ ಇವರಲ್ಲಿ ತುಂಬಾ ಮಕ್ಕಳಿಗೆ ಶಾಲೆಗೆ ಬಂದ ಮೇಲೆ ಸಿಕ್ಕಿದ ಭಾಷೆ. ಲೆಕ್ಕದಲ್ಲಿ ಹಿಂದೆ ಅಂತ ನಾವು ಅಂದುಕೊಂಡ ಮಗು ನಿಜವಾಗಿ ಓದಿನಲ್ಲಿ ಸಿಕ್ಕಿಕೊಂಡಿರಬಹುದು.

ಹಾಗಾಗಿ ನನ್ನ ಕ್ರಮ ಒಂದೇ. ಕಥೆ ಮಗುವಿನ ಬಾಯಲ್ಲಿ ಬರುವ ತನಕ ಅಂಕಿ ಮುಟ್ಟಿಸಬಾರದು. ಇದನ್ನು 1ರಿಂದ 4ನೇ ಕ್ಲಾಸಿನ, ಅಂದರೆ ನಮ್ಮ ಎಲ್‌ಪಿ (ಕಿರಿಯ ಪ್ರಾಥಮಿಕ) ಮಕ್ಕಳ ಜೊತೆ ಹಂತ ಹಂತವಾಗಿ ಮಾಡುವುದು ಹೇಗೆ ಅಂತ ಕೆಳಗೆ ಬರೆದಿದ್ದೇನೆ. ಟೀಚರ್‌ಗಳಿಗೂ ಆಯಿತು, ಸಂಜೆ ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಳ್ಳುವ ಅಪ್ಪ, ಅಮ್ಮ, ಅಕ್ಕಂದಿರಿಗೂ ಆಯಿತು.

ಹಂತ 1: ಎಲ್ಲಿ ಸಿಕ್ಕಿಕೊಂಡಿದೆ ಅಂತ ಮೊದಲು ನೋಡಿ

ಆಸ್ಟ್ರೇಲಿಯಾದ ಆನ್ ನ್ಯೂಮನ್ ಅನ್ನುವವರು 1977ರಲ್ಲಿ ಮಕ್ಕಳ ತಪ್ಪುಗಳನ್ನು ಹುಡುಕಲು ಒಂದು ಸರಳ ದಾರಿ ತೋರಿಸಿದರು. ಮಗು ತಪ್ಪು ಮಾಡಿದ ಲೆಕ್ಕವನ್ನೇ ಅದರ ಮುಂದಿಟ್ಟು ಐದು ಮಾತು ಕೇಳುವುದು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಇದನ್ನು ಓದಿ ಹೇಳು. ಇಲ್ಲಿ ಎಂತ ಕೇಳಿದ್ದಾರೆ? ನೀನು ಹೇಗೆ ಮಾಡುತ್ತಿ? ಮಾಡಿ ತೋರಿಸು. ಈಗ ಉತ್ತರ ಬರೆ.

ಮಗು ಯಾವ ಮಾತಿನಲ್ಲಿ ನಿಂತಿತೋ ಕೆಲಸ ಅಲ್ಲಿಂದ ಶುರು. ಓದುವಾಗಲೇ ತಡವರಿಸಿದರೆ ನೀವೇ ಓದಿ ಹೇಳಿ. ಆಗ ಲೆಕ್ಕ ಸರಿ ಮಾಡಿತಾ? ಹಾಗಾದರೆ ಅದಕ್ಕೆ ಬೇಕಾದದ್ದು ಓದಿನ ಅಭ್ಯಾಸ. ಮಗ್ಗಿ ಬಾಯಿಪಾಠ ಮಾಡಿಸಿ ಪ್ರಯೋಜನ ಇಲ್ಲ. ಓದಿತು, ಆದರೆ ಎಂತ ಕೇಳಿದ್ದಾರೆ ಅಂತ ಹೇಳಲು ಗೊತ್ತಾಗಲಿಲ್ಲ ಅಂದರೆ ಹಂತ 2 ಮತ್ತು 3 ಅದಕ್ಕಾಗಿಯೇ ಇವೆ. ಎಲ್ಲ ಸರಿ ಹೇಳಿ ಕೊನೆಗೆ ಕಳೆಯುವಾಗ ದಶಕ ತೆಗೆದುಕೊಳ್ಳುವುದನ್ನು ಮರೆತರೆ ಅದು ಬೇರೆ ವಿಷಯ, ಆ ಭಾಗವನ್ನು ಮಾತ್ರ ಪ್ರತ್ಯೇಕ ಮಾಡಿಸಿ. ಈ ಪರೀಕ್ಷೆ ಒಬ್ಬ ಮಗುವಿಗೆ ಐದು ನಿಮಿಷದ ಕೆಲಸ. ಕ್ಲಾಸಿಗೆ ಮೂವತ್ತು ಮಕ್ಕಳಿದ್ದರೆ ದಿನಕ್ಕೆ ಇಬ್ಬರನ್ನು ಕರೆದರೂ ಸಾಕು.

ಹಂತ 2: ಅಂಕಿ ಇಲ್ಲದ ಲೆಕ್ಕ ಹೇಳಿ

ಇದು ನನಗೆ ಎಲ್ಲಕ್ಕಿಂತ ಇಷ್ಟದ ಹಂತ. ಇಲ್ಲಿ ಅವಸರ ಮಾಡಬೇಡಿ.

ಪುಸ್ತಕ ಮುಚ್ಚಿಡಿ. ಲೆಕ್ಕವನ್ನು ಅಂಕಿ ತೆಗೆದು ಹೇಳಿ: "ಅಜ್ಜ ತೋಟದಲ್ಲಿ ತೆಂಗಿನಕಾಯಿ ತೆಗೆಸಿದರು. ಸ್ವಲ್ಪ ಅಂಗಡಿಗೆ ಕೊಟ್ಟರು. ಮಿಕ್ಕದ್ದನ್ನು ಮನೆಗೆ ಇಟ್ಟುಕೊಂಡರು." ಈಗ ಕೂಡಿಸಲೂ ಕಳೆಯಲೂ ಅಂಕಿಯೇ ಇಲ್ಲ. ಮಗು ಕಥೆಯನ್ನೇ ನೋಡಬೇಕು. ನೀವು ಕೇಳುವ ಪ್ರಶ್ನೆಗಳೂ ಕಥೆಯದ್ದೇ ಇರಲಿ. ಮೊದಲು ಎಂತ ಆಯಿತು? ಆಮೇಲೆ? ಅಂಗಡಿಗೆ ಕೊಟ್ಟ ಮೇಲೆ ಅಜ್ಜನ ಹತ್ತಿರ ಕಾಯಿ ಜಾಸ್ತಿ ಆಯಿತಾ, ಕಮ್ಮಿ ಆಯಿತಾ? ತೆಗೆಸಿದ್ದಕ್ಕಿಂತ ಜಾಸ್ತಿ ಕಾಯಿ ಮನೆಯಲ್ಲಿ ಉಳಿಯಲಿಕ್ಕೆ ಸಾಧ್ಯ ಉಂಟಾ? ನಮಗೆ ಎಷ್ಟು ಅಂತ ಗೊತ್ತಾದರೆ ಮನೆಯಲ್ಲಿ ಇದ್ದದ್ದನ್ನು ಹೇಳಬಹುದು?

ಕೊನೆಯ ಪ್ರಶ್ನೆಗೆ "ಎಷ್ಟು ತೆಗೆಸಿದರು ಅಂತ ಬೇಕು, ಎಷ್ಟು ಕೊಟ್ಟರು ಅಂತ ಬೇಕು" ಎಂದು ಮಗು ಹೇಳಿತೆಂದರೆ ಲೆಕ್ಕ ಮುಕ್ಕಾಲು ಪಾಲು ಆಯಿತು. ಈಗ ಅಂಕಿ ಕೊಡಿ: ತೆಗೆಸಿದ್ದು 120, ಕೊಟ್ಟದ್ದು 85. ಕೂಡಿಸುವುದಾ ಕಳೆಯುವುದಾ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. 35 ತಾನಾಗಿ ಬರುತ್ತದೆ.

ಹಂತ 3: ಮನೆಮಾತಿನಲ್ಲಿ ಹೇಳಿಸಿ

ಕನ್ನಡ ಕ್ಲಾಸಿನಲ್ಲಿ ಬೇರೆ ಭಾಷೆ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಕನ್ನಡ ಉಳಿಯಬೇಕು ಅನ್ನುವ ಕಾಳಜಿ ನಮಗೆಲ್ಲ ಉಂಟು. ಆದರೆ ತುಳುವಿನಲ್ಲಿ ಯೋಚಿಸುವ ಮಗು ತುಳುವಿನಲ್ಲಿ ಒಮ್ಮೆ ಕಥೆ ಹೇಳಿಕೊಂಡರೆ ಕನ್ನಡಕ್ಕೆ ಏನೂ ನಷ್ಟ ಇಲ್ಲ. ಅರ್ಥವಾದ ಮೇಲೆ ಕನ್ನಡದ ಸಾಲು ಅದಕ್ಕೆ ಹೆದರಿಕೆ ಹುಟ್ಟಿಸುವುದಿಲ್ಲ.

ಕ್ರಮ ಹೀಗಿರಲಿ. ನೀವು ಕನ್ನಡದಲ್ಲಿ ಓದಿ. ಮಗು ತನ್ನ ಮನೆಮಾತಿನಲ್ಲಿ ಪಕ್ಕದವರಿಗೆ ಹೇಳಲಿ. ನಿಮಗೆ ಬ್ಯಾರಿಯೋ ಕೊಂಕಣಿಯೋ ಬರದಿದ್ದರೂ ಚಿಂತೆ ಇಲ್ಲ, ಅದೇ ಮಾತಾಡುವ ಇನ್ನೊಂದು ಮಗು ಸಾಮಾನ್ಯವಾಗಿ ಕ್ಲಾಸಿನಲ್ಲಿ ಇರುತ್ತದೆ. ಆಮೇಲೆ ಅದೇ ಕಥೆಯನ್ನು ಕನ್ನಡದಲ್ಲಿ, ತನ್ನದೇ ಮಾತಿನಲ್ಲಿ ಹೇಳಲಿ. ಪುಸ್ತಕದ ವಾಕ್ಯವನ್ನೇ ಒಪ್ಪಿಸಬೇಕಾಗಿಲ್ಲ.

ಕೆಲವು ಮಾತುಗಳು ಮಾತ್ರ ಎಲ್ಲ ಮಕ್ಕಳಿಗೂ ತೊಡಕು: ಒಟ್ಟು, ಉಳಿದ, ವ್ಯತ್ಯಾಸ, ಪ್ರತಿಯೊಂದಕ್ಕೆ, ತಲಾ. ಇವುಗಳಲ್ಲಿ 'ತಲಾ' ತುಂಬಾ ಕಷ್ಟ ಕೊಡುತ್ತದೆ. "4 ಮಕ್ಕಳಿಗೆ ತಲಾ 5 ನೆಲ್ಲಿಕಾಯಿ" ಅಂದರೆ ಮಕ್ಕಳು 'ತಲಾ' ಬಿಟ್ಟು ಓದುತ್ತಾರೆ, 4 ಮತ್ತು 5 ಕೂಡಿಸಿ 9 ಬರೆಯುತ್ತಾರೆ. ಅರ್ಥ ಬರೆಸಿ ಬಾಯಿಪಾಠ ಮಾಡಿಸುವ ಬದಲು ನಾಲ್ಕು ಮಕ್ಕಳನ್ನು ಸಾಲಾಗಿ ನಿಲ್ಲಿಸಿ. ಒಬ್ಬೊಬ್ಬರ ತಲೆ ಮುಟ್ಟಿ ಐದೈದು ಬೀಜ ಕೈಗೆ ಹಾಕುತ್ತಾ ಹೋಗಿ. ಒಮ್ಮೆ ಹೀಗೆ ಮಾಡಿದರೆ ಮತ್ತೆ ಆ ಮಾತು ಕಣ್ಣಿಗೆ ಬಿದ್ದಾಗ ಮಕ್ಕಳು ನಿಲ್ಲುತ್ತಾರೆ.

ಹಂತ 4: ಕೈಗೆ ವಸ್ತು, ಆಮೇಲೆ ಚಿತ್ರ, ಆಮೇಲೆ ಚಿಹ್ನೆ

ಒಂದು, ಎರಡನೇ ಕ್ಲಾಸಿನ ಮಕ್ಕಳಿಗೆ ಹುಣಸೆ ಬೀಜ, ಪುಟ್ಟ ಕಲ್ಲು, ಬೆಂಕಿಕಡ್ಡಿ ಯಾವುದೂ ಆಗುತ್ತದೆ. ಗುಲಗಂಜಿ ಮಾತ್ರ ಬೇಡ. ನೋಡಲು ಚಂದ, ಆದರೆ ಅಗಿದು ನುಂಗಿದರೆ ವಿಷ. ಮನೆಯಲ್ಲಿ ಚೆನ್ನೆಮಣೆ ಇದ್ದರೆ ಅಟ್ಟದಿಂದ ಇಳಿಸಿ. 14 ಗುಳಿ, ಗುಳಿಗೆ 4ರಂತೆ 56 ಬೀಜ. ಗುಣಾಕಾರ, ಭಾಗಾಕಾರ ಎರಡಕ್ಕೂ ಇದಕ್ಕಿಂತ ಒಳ್ಳೆಯ ಸಾಮಾನು ಅಂಗಡಿಯಲ್ಲಿ ಸಿಗುವುದಿಲ್ಲ.

ಬೀಜದಲ್ಲಿ ಕಥೆ ಆಡಿ ತೋರಿಸಿದ ಮೇಲೆ ಚಿತ್ರ ಬರೆಸಿ. ತೆಂಗಿನ ಮರ, ಅಜ್ಜನ ಮೀಸೆ ಎಲ್ಲ ಬರೆಯಲು ಹೊರಟರೆ ಪೀರಿಯಡ್ ಮುಗಿಯುತ್ತದೆ. ಗೆರೆ, ಸೊನ್ನೆ ಸಾಕು. ಮೂರನೇ ಕ್ಲಾಸಿಗೆ ಬರುವಾಗ ಸಂಖ್ಯೆ ದೊಡ್ಡದಾಗುತ್ತದೆ, 120 ಸೊನ್ನೆ ಹಾಕಲು ಆಗುವುದಿಲ್ಲ. ಆಗ ಪಟ್ಟಿ ಬರೆಸಿ. ಸಿಂಗಾಪುರದ ಶಾಲೆಗಳಲ್ಲಿ 1980ರ ದಶಕದಿಂದ ಬಳಕೆಗೆ ಬಂದ ಕ್ರಮ ಇದು. ಉದ್ದ ಪಟ್ಟಿಯೊಂದನ್ನು ಎಳೆದು ಮೇಲೆ 120 ಅಂತ ಬರೆಯಿರಿ. ಅದನ್ನು ಎರಡು ತುಂಡು ಮಾಡಿ ಒಂದರೊಳಗೆ 85, ಇನ್ನೊಂದರೊಳಗೆ ಖಾಲಿ ಚೌಕ. ಇಡೀ ಕಥೆ ಒಂದು ಪಟ್ಟಿಯಲ್ಲಿ ಬಂತು.

ಚಿಹ್ನೆ ಕೊನೆಗೆ: 120 − 85 = □. ಕೆಲವು ಮಕ್ಕಳು 85 + □ = 120 ಅಂತ ಬರೆಯುತ್ತಾರೆ. ಅದೂ ಸರಿಯೇ. ಒಪ್ಪಿಕೊಳ್ಳಿ, ಬೇಕಾದರೆ ಬೋರ್ಡಿಗೆ ಕರೆದು ಎಲ್ಲರಿಗೂ ತೋರಿಸಲು ಹೇಳಿ.

ಹಂತ 5: ಲೆಕ್ಕದ ಜಾತಿ ಬದಲಿಸುತ್ತಾ ಹೋಗಿ

ಮಕ್ಕಳು ಹೆಚ್ಚಾಗಿ ಒಂದೇ ನಮೂನೆಯ ಲೆಕ್ಕ ಮಾಡಿರುತ್ತಾರೆ: ಇಷ್ಟಿತ್ತು, ಇಷ್ಟು ಬಂತು, ಈಗ ಎಷ್ಟು? ಗೊತ್ತಿಲ್ಲದ್ದು ಯಾವಾಗಲೂ ಕೊನೆಯಲ್ಲಿ. ಹೀಗಾದರೆ ಕಥೆ ಓದಬೇಕಾದ ಅಗತ್ಯವೇ ಬರುವುದಿಲ್ಲ. ಒಂದೇ ಬುಟ್ಟಿ ಮಾವಿನಹಣ್ಣಿನಲ್ಲಿ ಮೂರು ಲೆಕ್ಕ ನೋಡಿ.

ಬುಟ್ಟಿಯಲ್ಲಿ 8 ಹಣ್ಣು ಇತ್ತು. ಅಮ್ಮ ಇನ್ನೂ 5 ಹಾಕಿದರು. ಈಗ ಎಷ್ಟು?
ಬುಟ್ಟಿಯಲ್ಲಿ 8 ಹಣ್ಣು ಇತ್ತು. ಅಮ್ಮ ಇನ್ನೂ ಸ್ವಲ್ಪ ಹಾಕಿದರು. ಈಗ 13 ಉಂಟು. ಅಮ್ಮ ಹಾಕಿದ್ದು ಎಷ್ಟು?
ಬುಟ್ಟಿಯಲ್ಲಿ ಸ್ವಲ್ಪ ಹಣ್ಣು ಇತ್ತು. ಅಮ್ಮ ಇನ್ನೂ 5 ಹಾಕಿದರು. ಈಗ 13 ಉಂಟು. ಮೊದಲು ಎಷ್ಟಿತ್ತು?

ಕಥೆ ಒಂದೇ. ಮೊದಲನೆಯದು ಒಂದನೇ ಕ್ಲಾಸಿನ ಮಗುವಿಗೆ ಸುಲಭ. ಮೂರನೆಯದಕ್ಕೆ ಎರಡನೇ ಕ್ಲಾಸಿನ ಚುರುಕು ಮಕ್ಕಳೂ 18 ಅನ್ನಬಹುದು. 'ಇನ್ನೂ', 'ಹಾಕಿದರು' ಅಂತ ಕಂಡ ಕೂಡಲೇ ಕೂಡಿಸಿಬಿಡುತ್ತಾರೆ. "ಒಟ್ಟು ಅಂತ ಇದ್ದರೆ ಕೂಡಿಸು, ಉಳಿದ ಅಂತ ಇದ್ದರೆ ಕಳೆ" ಎಂದು ನಾವು ಹೇಳಿಕೊಟ್ಟ ಸೂತ್ರದ ಫಲ ಇದು. ದಯವಿಟ್ಟು ಈ ಸೂತ್ರ ಕಲಿಸಬೇಡಿ. ಪರೀಕ್ಷೆಯ ನಾಲ್ಕು ಲೆಕ್ಕಕ್ಕೆ ಅದು ಸಹಾಯ ಮಾಡಬಹುದು, ಆದರೆ ಮಗು ಓದುವುದನ್ನೇ ಬಿಡುತ್ತದೆ. ಮೂರು ಲೆಕ್ಕಗಳನ್ನೂ ಒಟ್ಟಿಗೆ ಇಟ್ಟು, ಪ್ರತಿಯೊಂದರ ಚಿಹ್ನೆ ವಾಕ್ಯ ಬರೆಸಿ: 8 + 5 = □, 8 + □ = 13, □ + 5 = 13. ಚೌಕ ಜಾಗ ಬದಲಿಸುವುದನ್ನು ಮಕ್ಕಳೇ ಗುರುತಿಸಲಿ.

ಎಲ್ಲಕ್ಕಿಂತ ಕಠಿಣ ಹೋಲಿಕೆಯ ಲೆಕ್ಕ. "ಸಫ್ವಾನನ ಹತ್ತಿರ 15 ಗೋಲಿ ಇದೆ. ಅದು ರಮ್ಯಳ ಹತ್ತಿರ ಇರುವುದಕ್ಕಿಂತ 6 ಜಾಸ್ತಿ. ರಮ್ಯಳ ಹತ್ತಿರ ಎಷ್ಟು?" ಬರುವ ಉತ್ತರ 21. ತಪ್ಪು ಅಂತ ಹೇಳಬೇಡಿ, ಕೇಳುತ್ತಾ ಹೋಗಿ.

"ಯಾರ ಹತ್ತಿರ ಜಾಸ್ತಿ ಉಂಟು?"
"ಸಫ್ವಾನನ ಹತ್ತಿರ."
"ಹಾಗಾದರೆ ರಮ್ಯಳ ಹತ್ತಿರ 15ಕ್ಕಿಂತ ಜಾಸ್ತಿ ಇರಬಹುದಾ?"
"ಇಲ್ಲ, ಕಮ್ಮಿ."
"ನೀನು ಎಷ್ಟು ಬರೆದಿದ್ದಿ?"

ಇಷ್ಟು ಹೊತ್ತಿಗೆ ಮಗು ರಬ್ಬರ್ ಹುಡುಕುತ್ತಿರುತ್ತದೆ. ಆಗ ಎರಡು ಪಟ್ಟಿ ಒಂದರ ಕೆಳಗೆ ಒಂದು ಬರೆಸಿ, ಎಡಗಡೆ ಸಮನಾಗಿ ಇರಲಿ. ಉದ್ದದ್ದು ಸಫ್ವಾನನದ್ದು, 15. ಗಿಡ್ಡದ್ದು ರಮ್ಯಳದ್ದು, ಖಾಲಿ. ಹೆಚ್ಚಾದ ತುಂಡು 6. ಉತ್ತರ 9. ಹೋಲಿಕೆಯ ಲೆಕ್ಕದಲ್ಲಿ ಅಂಕಿ ಮುಟ್ಟುವ ಮೊದಲು "ಯಾರಿಗೆ ಜಾಸ್ತಿ?" ಎಂದು ಕೇಳುವುದನ್ನು ರೂಢಿ ಮಾಡಿಸಿ.

ಚಿಕ್ಕ ಮಕ್ಕಳಿಗೆ ಇದನ್ನು ಇನ್ನೂ ಹಗುರ ಮಾಡಬಹುದು. 1983ರಲ್ಲಿ ಟಾಮ್ ಹಡ್ಸನ್ ಎಂಬ ಸಂಶೋಧಕರು ಮಕ್ಕಳಿಗೆ ಹಕ್ಕಿ ಮತ್ತು ಹುಳುಗಳ ಚಿತ್ರ ತೋರಿಸಿದರು. "ಹುಳುಗಳಿಗಿಂತ ಹಕ್ಕಿಗಳು ಎಷ್ಟು ಜಾಸ್ತಿ?" ಅಂದಾಗ ಗೊಂದಲವಾದ ಮಕ್ಕಳಲ್ಲಿ ಹಲವರು, "ಎಷ್ಟು ಹಕ್ಕಿಗಳಿಗೆ ಹುಳು ಸಿಗುವುದಿಲ್ಲ?" ಅಂದಾಗ ಸರಿ ಹೇಳಿದರು. ನಾವೂ ಹಾಗೆಯೇ ಶುರು ಮಾಡೋಣ: 9 ಮಕ್ಕಳು, 6 ಗೋಳಿಬಜೆ, ಎಷ್ಟು ಮಂದಿಗೆ ಸಿಗುವುದಿಲ್ಲ? ಇದು ಬಂದ ಮೇಲೆ 'ಎಷ್ಟು ಜಾಸ್ತಿ' ಅನ್ನಿ.

ಹಂತ 6: ಗುಣಾಕಾರ, ಭಾಗಾಕಾರ, ಮತ್ತು ಆ ಶೇಷ

ಗುಣಾಕಾರದ ಕಥೆಗಳು ಮಕ್ಕಳಿಗೆ ಬೇಗ ಹಿಡಿಯುತ್ತವೆ, ಅಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಾಗಿಲ್ಲ. ಭಾಗಾಕಾರದಲ್ಲಿ ಮಾತ್ರ ಎರಡು ಬಗೆ ಇದೆ ಎನ್ನುವುದು ನೆನಪಿರಲಿ. 24 ನೆಲ್ಲಿಕಾಯಿಯನ್ನು 4 ಮಕ್ಕಳಿಗೆ ಹಂಚಿದರೆ ಒಬ್ಬರಿಗೆ ಎಷ್ಟು? 24 ನೆಲ್ಲಿಕಾಯಿ, ಒಬ್ಬರಿಗೆ 4ರಂತೆ ಕೊಟ್ಟರೆ ಎಷ್ಟು ಮಂದಿಗೆ? ಎರಡಕ್ಕೂ ಉತ್ತರ 6. ಬೀಜ ಇಟ್ಟು ಮಾಡಿಸಿದರೆ ಕೈಯ ಕೆಲಸ ಬೇರೆ ಬೇರೆ. ಮೊದಲನೆಯದರಲ್ಲಿ ಒಂದೊಂದೇ ಸುತ್ತು ಹಂಚುತ್ತಾರೆ. ಎರಡನೆಯದರಲ್ಲಿ ನಾಲ್ಕು ನಾಲ್ಕು ತೆಗೆದಿಡುತ್ತಾರೆ. ಚೆನ್ನೆಮಣೆಯಲ್ಲಿ 56 ಬೀಜ ಕೊಟ್ಟು ಎರಡೂ ರೀತಿ ಮಾಡಿಸಿ ನೋಡಿ.

ಶೇಷ ಉಳಿದಾಗ ನಿಜವಾದ ಯೋಚನೆ ಬೇಕಾಗುತ್ತದೆ. ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ದೇಶವ್ಯಾಪಿ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟಿದ್ದರು: 1128 ಸೈನಿಕರು, ಒಂದು ಬಸ್ಸಿಗೆ 36 ಮಂದಿ, ಎಷ್ಟು ಬಸ್ಸು ಬೇಕು? ನೂರಕ್ಕೆ ಸುಮಾರು 70 ಮಕ್ಕಳು ಭಾಗಾಕಾರ ಸರಿಯಾಗಿ ಮಾಡಿದರು. 32 ಅಂತ ಉತ್ತರ ಕೊಟ್ಟವರು ಸುಮಾರು 23 ಮಾತ್ರ. ಕೆಲವರು "31, ಶೇಷ 12" ಅಂತ ಬರೆದರು. ಬಸ್ಸನ್ನು ಮರೆತರು.

ನಮ್ಮಲ್ಲಿ ಇದನ್ನು ಮೂರು ಕಥೆಯಲ್ಲಿ ಒಟ್ಟಿಗೆ ಮಾಡಿಸಬಹುದು.

ಬೇಕಲ ಕೋಟೆಗೆ 50 ಮಕ್ಕಳು ಹೋಗಬೇಕು. ಒಂದು ಜೀಪಿಗೆ 8 ಮಂದಿ. ಎಷ್ಟು ಜೀಪು ಬೇಕು?
ಕೈಯಲ್ಲಿ 50 ರೂಪಾಯಿ ಇದೆ. ಒಂದು ಪೆನ್ನಿಗೆ 8 ರೂಪಾಯಿ. ಎಷ್ಟು ಪೆನ್ನು ಬರುತ್ತದೆ?
50 ಬಾಳೆಹಣ್ಣನ್ನು 8 ಮಂದಿಗೆ ಸಮ ಹಂಚಿ, ಮಿಕ್ಕದ್ದನ್ನು ದನಕ್ಕೆ ಹಾಕಿದರು. ದನಕ್ಕೆ ಸಿಕ್ಕಿದ್ದು ಎಷ್ಟು?

ಮೂರರಲ್ಲೂ 50 ÷ 8, ಭಾಗಲಬ್ಧ 6, ಶೇಷ 2. ಉತ್ತರ ಮಾತ್ರ 7, 6, 2. "ಯಾಕೆ ಬೇರೆ ಬೇರೆ ಬಂತು?" ಎಂದು ಕೇಳಿ, ಮಕ್ಕಳೇ ವಾದ ಮಾಡಲಿ. ಮಿಕ್ಕಿದ ಇಬ್ಬರನ್ನು ಮನೆಯಲ್ಲೇ ಬಿಡುತ್ತೀರಾ ಅಂತ ಯಾರಾದರೂ ಎದ್ದು ಕೇಳಿಯೇ ಕೇಳುತ್ತಾರೆ.

ಹಂತ 7: ಎರಡು ಮೆಟ್ಟಿಲಿನ ಲೆಕ್ಕ

ನಾಲ್ಕನೇ ಕ್ಲಾಸಿನಲ್ಲಿ ಒಂದೇ ಲೆಕ್ಕದಲ್ಲಿ ಎರಡು ಕೆಲಸ ಬರುತ್ತದೆ. "ಅಮ್ಮ ದಿನಕ್ಕೆ 600 ಬೀಡಿ ಕಟ್ಟುತ್ತಾರೆ. ಸಾವಿರಕ್ಕೆ 250 ರೂಪಾಯಿ ಕೂಲಿ ಎಂದಾದರೆ 5 ದಿನಕ್ಕೆ ಎಷ್ಟು ಸಿಗುತ್ತದೆ?" ಇಲ್ಲಿ ಕೇಳದೆ ಬಿಟ್ಟ ಪ್ರಶ್ನೆಯೊಂದು ನಡುವೆ ಅಡಗಿದೆ: 5 ದಿನಕ್ಕೆ ಎಷ್ಟು ಬೀಡಿ ಆಯಿತು? ಆ ಪ್ರಶ್ನೆಯನ್ನು ಮಗುವೇ ಬರೆಯಬೇಕು. 3000 ಬೀಡಿ, ಅಂದರೆ ಮೂರು ಸಾವಿರ. ಹಾಗಾದರೆ 750 ರೂಪಾಯಿ. ಕೂಲಿಯ ಅಂಕಿ ನಾನು ಲೆಕ್ಕಕ್ಕಾಗಿ ಇಟ್ಟದ್ದು, ನೀವು ಊರಿನ ದರ ಹಾಕಿಕೊಳ್ಳಿ. ಬೀಡಿ ಕಟ್ಟುವ ಮನೆಯ ಮಗುವಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ. ಅದನ್ನೇ ಕರೆದು ಎಲ್ಲರಿಗೂ ಹೇಳಿಕೊಡಲು ಬಿಡಿ.

ಅಡಗಿದ ಪ್ರಶ್ನೆ ಹುಡುಕುವುದನ್ನು ಅಭ್ಯಾಸ ಮಾಡಿಸಲು ಪ್ರಶ್ನೆಯೇ ಇಲ್ಲದ ಕಥೆ ಕೊಡಿ. "ಅಪ್ಪ 200 ರೂಪಾಯಿ ಹಿಡಿದುಕೊಂಡು ಪೇಟೆಗೆ ಹೋದರು. 110 ರೂಪಾಯಿಯ ಬಂಗುಡೆ, 35 ರೂಪಾಯಿಯ ಟೊಮೆಟೊ ತೆಗೆದುಕೊಂಡರು." ಇದಕ್ಕೆ ಏನೆಲ್ಲ ಕೇಳಬಹುದು? ಖರ್ಚು ಎಷ್ಟು (145), ಉಳಿದದ್ದು ಎಷ್ಟು (55), ಟೊಮೆಟೊಗಿಂತ ಮೀನಿಗೆ ಎಷ್ಟು ಜಾಸ್ತಿ ಕೊಟ್ಟರು (75). ಇವುಗಳಲ್ಲಿ ಎರಡನೆಯದಕ್ಕೆ ಮೊದಲನೆಯದು ಬೇಕು ಅಂತ ಮಗು ಗುರುತಿಸಿದರೆ ಎರಡು ಮೆಟ್ಟಿಲಿನ ಲೆಕ್ಕ ಅದಕ್ಕೆ ಹಿಡಿಯಿತು.

ಹೊತ್ತಿನ ಲೆಕ್ಕದಲ್ಲಿ ಒಂದು ಎಚ್ಚರ. ಕುಂಬಳೆಯಿಂದ 8.40ಕ್ಕೆ ಹೊರಟ ಬಸ್ಸು 9.25ಕ್ಕೆ ಮುಟ್ಟಿದರೆ ಮಕ್ಕಳು 925ರಿಂದ 840 ಕಳೆದು 85 ನಿಮಿಷ ಅನ್ನುತ್ತಾರೆ. ಗೆರೆ ಎಳೆದು 9 ಗಂಟೆಗೆ ಒಮ್ಮೆ ನಿಲ್ಲಿಸಿ: ಅಲ್ಲಿಗೆ 20 ನಿಮಿಷ, ಅಲ್ಲಿಂದ 25, ಒಟ್ಟು 45.

ಹಂತ 8: ಉತ್ತರವನ್ನು ಕಥೆಗೆ ವಾಪಸ್ ಹಾಕಿ

ಉತ್ತರ ಬರೀ ಅಂಕಿಯಾಗಿ ಬೇಡ. "ಅಜ್ಜನ ಮನೆಯಲ್ಲಿ 35 ತೆಂಗಿನಕಾಯಿ ಉಳಿಯಿತು" ಅಂತ ಪೂರ್ತಿ ವಾಕ್ಯ ಬರೆಸಿ. ವಾಕ್ಯ ಬರೆಯುವಾಗ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ. 120 ಕಾಯಿ ತೆಗೆಸಿದ ಅಜ್ಜನ ಹತ್ತಿರ 205 ಉಳಿಯಿತು ಅಂತ ಬರೆಯಲು ಮಗುವಿನ ಕೈ ತಡೆಯುತ್ತದೆ.

ಆಗಾಗ ಒಂದು ಅಸಂಬದ್ಧ ಲೆಕ್ಕವನ್ನೂ ಸೇರಿಸಿ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1980ರ ಹೊತ್ತಿಗೆ ಸಂಶೋಧಕರು 97 ಪುಟ್ಟ ಮಕ್ಕಳಿಗೆ ಕೇಳಿದರು: ಹಡಗಿನಲ್ಲಿ 26 ಕುರಿ, 10 ಆಡು ಇದ್ದರೆ ಕ್ಯಾಪ್ಟನ್‌ನ ವಯಸ್ಸು ಎಷ್ಟು? 76 ಮಕ್ಕಳು ಅಂಕಿಗಳನ್ನು ಬಳಸಿ ಏನಾದರೊಂದು ಉತ್ತರ ಕೊಟ್ಟರು. ಲೆಕ್ಕ ಅಂದರೆ ಕಂಡ ಅಂಕಿಗಳನ್ನು ಏನಾದರೂ ಮಾಡುವುದು ಅಂತ ಶಾಲೆಯೇ ಅವರಿಗೆ ಕಲಿಸಿಬಿಟ್ಟಿತ್ತು. ನಿಮ್ಮ ಮಕ್ಕಳಿಗೆ ಬಸ್ಸಿನ ಮಂದಿ ಲೆಕ್ಕ ಕೊಟ್ಟು ಡ್ರೈವರ್‌ನ ವಯಸ್ಸು ಕೇಳಿ ನೋಡಿ. "ಟೀಚರ್, ಇದರಲ್ಲಿ ಹೇಳಲಿಕ್ಕೆ ಆಗುವುದಿಲ್ಲ" ಅಂದ ಮಗುವಿಗೆ ಪೂರ್ತಿ ಮಾರ್ಕು.

ದಿನಕ್ಕೆ ಎಷ್ಟು?

ಇಪ್ಪತ್ತು ನಿಮಿಷ, ಮೂರು ಲೆಕ್ಕ ಸಾಕು. ಒಂದು ಹೊಸ ಜಾತಿಯದ್ದು, ಒಂದು ಹಿಂದಿನ ವಾರದ ಜಾತಿಯದ್ದು, ಒಂದು ಮಕ್ಕಳೇ ಕಟ್ಟಿದ್ದು. ಒಂದೇ ಪುಟದಲ್ಲಿ ಇಪ್ಪತ್ತು ಕಳೆಯುವ ಲೆಕ್ಕ ಕೊಟ್ಟರೆ ಮೂರನೆಯದರಿಂದ ಆಚೆ ಮಗು ಓದುವುದಿಲ್ಲ, ಸುಮ್ನೆ ಕಳೆಯುತ್ತಾ ಹೋಗುತ್ತದೆ. ನಾಲ್ಕನೇ ಕ್ಲಾಸಿನಲ್ಲಿ ಸ್ಕಾಲರ್‌ಶಿಪ್ ಪರೀಕ್ಷೆಗೆ ತಯಾರಾಗುವ ಮಕ್ಕಳಿಗೂ ಹಳೆಯ ಪ್ರಶ್ನೆಪತ್ರಿಕೆ ವರ್ಷದ ಕೊನೆಗೆ ಇರಲಿ. ಅಲ್ಲಿಯ ತನಕ ಬೇರೆ ಬೇರೆ ಜಾತಿಯ ಲೆಕ್ಕ ಬೆರೆಸಿ ಕೊಡುವುದೇ ಒಳ್ಳೆಯದು.

ಕನ್ನಡ ಓದಲು ಬರದ ಅಪ್ಪ ಅಮ್ಮಂದಿರೂ ಇದರಲ್ಲಿ ಸೇರಬಹುದು. ಮಗು ಲೆಕ್ಕವನ್ನು ಮನೆಮಾತಿನಲ್ಲಿ ಅವರಿಗೆ ವಿವರಿಸಲಿ, ಅವರು "ಅದು ಹೇಗೆ?" ಎಂದು ಕೇಳುತ್ತಾ ಇದ್ದರೆ ಸಾಕು.

ಮಕ್ಕಳು ಲೆಕ್ಕ ಕಟ್ಟುವುದನ್ನು ಮೊದಲ ವಾರದಿಂದಲೇ ಶುರು ಮಾಡಿ. ಸುಮ್ಮನೆ 'ಒಂದು ಲೆಕ್ಕ ಮಾಡು' ಅಂದರೆ ಪುಸ್ತಕದ್ದನ್ನೇ ಹೆಸರು ಬದಲಿಸಿ ಬರೆಯುತ್ತಾರೆ. 'ಉತ್ತರ 12 ಬರಬೇಕು, ಕಥೆ ನಿನ್ನ ಮನೆಯದ್ದೇ ಆಗಬೇಕು' ಎಂದು ಕಟ್ಟು ಹಾಕಿ. ಬರೆದದ್ದನ್ನು ಪಕ್ಕದ ಬೆಂಚಿಗೆ ಕೊಡಿಸಿ. ಅವರಿಗೆ ಅರ್ಥವಾಗದಿದ್ದರೆ ಬರೆದವರೇ ಸಾಲು ತಿದ್ದಬೇಕು. ಈ ತಿದ್ದುವ ಕೆಲಸದಲ್ಲಿ ಲೆಕ್ಕ ಮತ್ತು ಕನ್ನಡ ಒಟ್ಟಿಗೆ ಗಟ್ಟಿಯಾಗುತ್ತವೆ. ಒಳ್ಳೆಯ ಲೆಕ್ಕಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆಸಿಡಿ. ಮುಂದಿನ ವರ್ಷ ಅದೇ ಕ್ಲಾಸಿಗೆ ಬರುವ ಮಕ್ಕಳಿಗೆ ಅಭ್ಯಾಸಕ್ಕೆ ಅದನ್ನೇ ಕೊಡಬಹುದು.